ವಿಮಾ ಕ್ಲೇಮು ಮತ್ತು ಸಂಗತಿ ತಿಳಿಸುವ ಹೊಣೆ: ಒಂದು ಕಾನೂನು ತತ್ತ್ವದ ಇತಿಹಾಸ

ವಿಮೆಯ ಕರಾರು ನಿಂತಿರುವುದು ಪರಮ ಸದ್ಭಾವನೆಯ ತತ್ತ್ವದ ಮೇಲೆ. ಅಪಾಯಕ್ಕೆ ಸಂಬಂಧಿಸಿದ ಸಂಗತಿಗಳು ಹೆಚ್ಚಾಗಿ ವಿಮೆ ಮಾಡಿಸುವವರಿಗೇ ಗೊತ್ತಿರುತ್ತವೆ; ಅವರ ಮಾತನ್ನು ನಂಬಿ ಕಂಪನಿಯು ಪ್ರೀಮಿಯಂ ಗೊತ್ತುಮಾಡುತ್ತದೆ. ಆದ್ದರಿಂದ ಮಹತ್ವದ ಸಂಗತಿಯನ್ನು ಮುಚ್ಚಿಟ್ಟರೆ ಕ್ಲೇಮನ್ನು ತಿರಸ್ಕರಿಸಲು ಅವಕಾಶವಿದೆ. ಕಂಪನಿಯ ಈ ಅಧಿಕಾರ ಮೊದಲು ಗಟ್ಟಿಯಾಗಿ, ಆಮೇಲೆ ಹಂತಹಂತವಾಗಿ ಮಿತಿಗೊಳಪಟ್ಟಿತು.

ತತ್ತ್ವದ ಮೂಲ 1766ರ ಕಾರ್ಟರ್ ವಿರುದ್ಧ ಬೋಹೆಮ್ ಪ್ರಕರಣದಲ್ಲಿದೆ. ಸುಮಾತ್ರಾದ ಮಾರ್ಲ್‌ಬರೋ ಕೋಟೆ ಶತ್ರುಗಳ ವಶವಾದರೆ ನಷ್ಟ ತುಂಬಿಕೊಡುವಂತೆ ಅಲ್ಲಿನ ಗವರ್ನರ್ ಕಾರ್ಟರ್ ಪರವಾಗಿ ಲಂಡನ್ನಿನಲ್ಲಿ ವಿಮೆ ಮಾಡಿಸಲಾಗಿತ್ತು. 1760ರಲ್ಲಿ ಫ್ರೆಂಚರು ಕೋಟೆಯನ್ನು ಹಿಡಿದರು. ಕೋಟೆಯ ದುರ್ಬಲತೆಯನ್ನೂ ದಾಳಿಯ ಸಂಭವವನ್ನೂ ತಿಳಿಸಿರಲಿಲ್ಲವೆಂದು ವಿಮೆ ಕೊಟ್ಟ ಬೋಹೆಮ್ ಹಣ ಕೊಡಲು ಒಪ್ಪಲಿಲ್ಲ. ನ್ಯಾಯಮೂರ್ತಿ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಸದ್ಭಾವನೆಯ ಹೊಣೆ ಎರಡೂ ಕಡೆಯವರದು ಎಂದರು. ಯುದ್ಧಕಾಲದ ಅಪಾಯವನ್ನು ಲಂಡನ್ನಿನಲ್ಲಿದ್ದವನೂ ಅಂದಾಜಿಸಬಹುದಿತ್ತು, ಸಂಶಯವಿದ್ದರೆ ಕೇಳಬಹುದಿತ್ತು. ತೀರ್ಪು ಕಾರ್ಟರ್ ಪರವಾಯಿತು.

ಮುಂದೆ ಈ ಸಮತೋಲ ಉಳಿಯಲಿಲ್ಲ. ಬ್ರಿಟನ್ನಿನ 1906ರ ಸಾಗರ ವಿಮಾ ಕಾಯಿದೆಯು ವಿಮೆ ಕೊಡುವ ವಿವೇಕಿಯ ನಿರ್ಣಯದ ಮೇಲೆ ಪರಿಣಾಮ ಬೀರುವ ಪ್ರತಿಯೊಂದು ಸಂಗತಿಯನ್ನೂ, ಯಾರೂ ಕೇಳದಿದ್ದರೂ, ತಿಳಿಸಬೇಕೆಂದು ವಿಧಿಸಿತು. ಭಾರತದ 1963ರ ಸಾಗರ ವಿಮಾ ಕಾಯಿದೆ ಇದೇ ಮಾದರಿಯದು.

ಜೀವವಿಮೆಯಲ್ಲಿ ಇದರಿಂದ ವಿಶೇಷ ತೊಡಕಿತ್ತು. ಅರ್ಜಿಯಲ್ಲಿನ ತಪ್ಪು ಬೆಳಕಿಗೆ ಬರುವುದು ಅನೇಕ ಸಲ ಪಾಲಿಸಿದಾರರ ಮರಣಾನಂತರ. ಆಗ ವಿವರಣೆ ಕೊಡಬೇಕಾದವರೇ ಇರುವುದಿಲ್ಲ. ಇದಕ್ಕೆ ಪರಿಹಾರವಾಗಿ ಬಂದದ್ದು ಭಾರತದ 1938ರ ವಿಮಾ ಕಾಯಿದೆಯ 45ನೇ ಕಲಂ. ಎರಡು ವರ್ಷ ಕಳೆದ ಮೇಲೆ ತಪ್ಪು ಹೇಳಿಕೆಯ ಕಾರಣ ಕೊಟ್ಟು ಪಾಲಿಸಿಯನ್ನು ಪ್ರಶ್ನಿಸಬೇಕಾದರೆ ವಂಚನೆಯನ್ನು ಕಂಪನಿಯೇ ರುಜುವಾತುಪಡಿಸಬೇಕಾಯಿತು. ಮಿಥೂಲಾಲ್ ನಾಯಕ್ ಪ್ರಕರಣದಲ್ಲಿ (1962) ಸುಪ್ರೀಂ ಕೋರ್ಟು ಮೂರು ಅಂಶಗಳನ್ನು ಗುರುತಿಸಿತು: ಸಂಗತಿ ಮಹತ್ವದ್ದಾಗಿರಬೇಕು, ವಂಚನೆಯ ಉದ್ದೇಶವಿರಬೇಕು, ಹೇಳಿಕೆ ಸುಳ್ಳೆಂಬುದು ಪಾಲಿಸಿದಾರರಿಗೆ ತಿಳಿದಿರಬೇಕು. ಆ ಪ್ರಕರಣದಲ್ಲಿ ಗಂಭೀರ ಕಾಯಿಲೆಗೆ ಪಡೆದ ಚಿಕಿತ್ಸೆಯನ್ನು ಮುಚ್ಚಿಟ್ಟದ್ದು ಸಾಬೀತಾದ್ದರಿಂದ ಕ್ಲೇಮು ಬಿದ್ದುಹೋಯಿತು. ಕಟ್ಟಿದ ಪ್ರೀಮಿಯಂ ಕೂಡ ಹಿಂದಿರುಗಲಿಲ್ಲ.

2015ರ ತಿದ್ದುಪಡಿ ಇನ್ನೂ ಮುಂದೆ ಹೋಯಿತು. ಮೂರು ವರ್ಷ ತುಂಬಿದ ಜೀವವಿಮಾ ಪಾಲಿಸಿಯನ್ನು ಈಗ ಯಾವ ಕಾರಣಕ್ಕೂ, ವಂಚನೆಯ ಕಾರಣಕ್ಕೂ ಸಹ, ಪ್ರಶ್ನಿಸುವಂತಿಲ್ಲ. ಅವಧಿಯೊಳಗೆ ತಿರಸ್ಕರಿಸುವುದಾದರೆ ಕಾರಣಗಳನ್ನು ಲಿಖಿತವಾಗಿ ತಿಳಿಸಬೇಕು. ವಂಚನೆಯಿಲ್ಲದ ತಪ್ಪು ಹೇಳಿಕೆಯಾಗಿದ್ದರೆ 90 ದಿನಗಳೊಳಗೆ ಪ್ರೀಮಿಯಂ ಮರಳಿಸಬೇಕು. ಆರೋಗ್ಯ ವಿಮೆಗೆ 45ನೇ ಕಲಂ ಅನ್ವಯಿಸದು. ಅಲ್ಲಿ ಪಾಲಿಸಿಯನ್ನು ಪ್ರಶ್ನಿಸಲು ಎಂಟು ವರ್ಷಗಳಿದ್ದ ಮಿತಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರವು 2024ರಲ್ಲಿ ಐದಕ್ಕೆ ಇಳಿಸಿತು. ಆದರೆ ವಂಚನೆ ಸಾಬೀತಾದರೆ ಈ ರಕ್ಷಣೆ ಸಿಗದು.

ಬ್ರಿಟನ್ ಕೂಡ ತನ್ನ ಹಳೆಯ ಬಿಗಿ ನಿಯಮವನ್ನು ಸಡಿಲಿಸಿದೆ. 2012ರ ಕಾಯಿದೆಯ ಪ್ರಕಾರ ಸಾಮಾನ್ಯ ಗ್ರಾಹಕರು ತಾವಾಗಿಯೇ ಎಲ್ಲವನ್ನೂ ಹೇಳಬೇಕಿಲ್ಲ. ಕೇಳಿದ್ದಕ್ಕೆ ಎಚ್ಚರಿಕೆಯಿಂದ ಉತ್ತರಿಸಿದರೆ ಸಾಕು. ಬೇಕಾದ ಪ್ರಶ್ನೆಗಳನ್ನು ಕೇಳುವ ಹೊಣೆ ಕಂಪನಿಯದಾಗಿದೆ.