ಒಮ್ಮೆ ಮಾತ್ರ ಬಂದ ಕ್ರಿಯಾಪದ

ಹೊಸ ಒಡಂಬಡಿಕೆಯಲ್ಲಿ ಒಂದೇ ಒಂದು ಬಾರಿ ಬರುವ ಗ್ರೀಕ್ ಪದಗಳು ನೂರಾರಿವೆ. ಬಹುಪಾಲು ನಿರುಪದ್ರವಿಗಳು, ಅರ್ಥ ತುಸು ಅತ್ತಿತ್ತಾದರೂ ಯಾರ ಬಾಳೂ ಬದಲಾಗದು. ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ ಎರಡನೆಯ ಅಧ್ಯಾಯದ 12ನೆಯ ವಚನದಲ್ಲಿರುವ ‘ಔಥೆಂಟೇನ್’ ಹಾಗಲ್ಲ. ಸ್ತ್ರೀಯು ಉಪದೇಶಿಸಲೂ ಪುರುಷನ ಮೇಲೆ ‘ಔಥೆಂಟೇನ್’ ಮಾಡಲೂ ಪತ್ರಕಾರನ ಸಮ್ಮತಿಯಿಲ್ಲ. ಶತಮಾನಗಳ ಕಾಲ ಸ್ತ್ರೀಯರನ್ನು ಬೋಧಪೀಠದಿಂದ ದೂರವಿಟ್ಟವರು ಬೆರಳಿಟ್ಟು ತೋರಿಸಿದ ವಚನವಿದು. ಆದರೆ ನಿಷೇಧಿಸಿದ್ದು ಅಧಿಕಾರವನ್ನೋ, ದಬ್ಬಾಳಿಕೆಯನ್ನೋ?

ಇದರ ಸೋದರ ನಾಮಪದ ‘ಔಥೆಂಟೀಸ್’ ಹಳೆಯದು. ಹೆರೊಡೋಟಸನಲ್ಲಿಯೂ ಯೂರಿಪಿಡೀಸನ ನಾಟಕಗಳಲ್ಲಿಯೂ ಅದಕ್ಕೆ ಕೊಲೆಗಾರ ಎಂಬರ್ಥ: ಸ್ವಹಸ್ತದಿಂದ ಕೃತ್ಯವೆಸಗಿದವನು. ಕಾಲಾಂತರದಲ್ಲಿ ಅದು ಕರ್ತೃ, ಒಡೆಯ ಎಂಬರ್ಥಗಳಿಗೆ ಹೊರಳಿತು. ತುರ್ಕರ ‘ಎಫೆಂದಿ’ ಎಂಬ ಗೌರವಸೂಚಕವೂ ಇದೇ ಬೇರಿನದು. ಕೊಲೆಗಾರನಿಂದ ಮಹಾಶಯನವರೆಗೆ ಒಂದು ಪದ ನಡೆದ ದೂರ ಬೆರಗು ಹುಟ್ಟಿಸುತ್ತದೆ.

ಕ್ರಿಯಾಪದವಾದರೋ ಪತ್ರಿಕೆಗಿಂತ ಹಿಂದಿನ ಬರಹಗಳಲ್ಲಿ ಅತಿ ವಿರಳ. ಈಜಿಪ್ಟಿನಲ್ಲಿ ದೊರೆತ, ಕ್ರಿ.ಪೂ. 27-26ರ ಒಂದು ಪಪೈರಸ್ ಪತ್ರದಲ್ಲಿ ದೋಣಿಯವನ ಬಾಡಿಗೆಯ ತಕರಾರಿದೆ. ಬರೆದವನು ಎದುರಾಳಿಯ ಮೇಲೆ ‘ಔಥೆಂಟೇನ್’ ಮಾಡಿದನಂತೆ, ಆತ ಒಪ್ಪಿದನಂತೆ. ಮಣಿಸಿದೆ ಎಂದು ಓದಿದರೆ ಒಂದು ಬಣ್ಣ, ಒಡೆತನ ಮೆರೆದೆ ಎಂದು ಓದಿದರೆ ಇನ್ನೊಂದು. ಪದವಿಯಿಂದ ಬಂದ ಅಧಿಕಾರದ ಸುಳಿವಂತೂ ಅಲ್ಲಿ ಕಾಣದು.

ಪೌಲನಿಗೆ ಬೇರೆ ಪದಗಳಿರಲಿಲ್ಲವೆಂದಲ್ಲ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿ, ಪತಿಪತ್ನಿಯರಿಗೆ ಪರಸ್ಪರರ ದೇಹದ ಮೇಲಿರುವ ಅಧಿಕಾರವನ್ನು ಹೇಳುವಾಗ ‘ಎಕ್ಸೂಸಿಯಾಜೊ’ ಎಂಬ ಬಳಕೆಯ ಪದವನ್ನೇ ಆತ ಆರಿಸುತ್ತಾನೆ. ತಿಮೊಥೆಯನ ಪತ್ರಿಕೆ ಪೌಲನದೇ ಎಂಬುದನ್ನು ಅನೇಕ ವಿದ್ವಾಂಸರು ಒಪ್ಪುವುದಿಲ್ಲ. ಯಾರೇ ಬರೆದಿರಲಿ, ಕೈಗೆಟಕುವ ಪದವನ್ನು ಬಿಟ್ಟು ಅಪರೂಪದ್ದನ್ನು ಹೆಕ್ಕಿರುವುದು ಗಮನಾರ್ಹ.

ಲ್ಯಾಟಿನ್ ವಲ್ಗೇಟ್ ಅದನ್ನು ‘ಪ್ರಭುತ್ವ ನಡೆಸು’ ಎಂಬರ್ಥದಲ್ಲಿಯೂ, 1611ರ ಇಂಗ್ಲಿಷ್ ಅನುವಾದ ‘ಅಧಿಕಾರವನ್ನು ಕಸಿದುಕೊಳ್ಳು’ ಎಂಬರ್ಥದಲ್ಲಿಯೂ ಗ್ರಹಿಸಿದವು. 20ನೆಯ ಶತಮಾನದ ಹಲವು ಅನುವಾದಗಳು ಬರಿಯ ‘ಅಧಿಕಾರ ಹೊಂದು’ ಎಂದು ಚಪ್ಪಟೆಯಾಗಿಸಿದವು.

ನನಗೆ ನಿರ್ಣಾಯಕವೆನಿಸುವ ಸಾಕ್ಷಿ ಗ್ರೀಕ್ ಮಾತೃಭಾಷೆಯ ಕ್ರಿಸೊಸ್ತೊಮನದು. ಕೊಲೊಸ್ಸೆಯವರ ಪತ್ರಿಕೆಯನ್ನು ವಿವರಿಸುತ್ತ ಆತ, ಪತ್ನಿ ಅಧೀನಳೆಂಬ ಕಾರಣಕ್ಕೆ ಅವಳ ಮೇಲೆ ‘ಔಥೆಂಟೇನ್’ ಮಾಡಬೇಡ ಎಂದು ಗಂಡನಿಗೆ ಬುದ್ಧಿ ಹೇಳುತ್ತಾನೆ. ಗಂಡನ ಅಧಿಕಾರವನ್ನು ಪೂರ್ಣವಾಗಿ ನಂಬಿದ್ದವನು ಆತ; ಪದಕ್ಕೆ ಕೇವಲ ಅಧಿಕಾರ ಎಂಬರ್ಥವಿದ್ದಿದ್ದರೆ ಆ ಬುದ್ಧಿಮಾತಿಗೆ ಅರ್ಥವೇ ಇರುತ್ತಿರಲಿಲ್ಲ. ಆತ ಪತ್ರಿಕೆಗಿಂತ ಸುಮಾರು ಮುನ್ನೂರು ವರ್ಷ ಈಚಿನವನೆಂಬ ಆಕ್ಷೇಪವುಂಟು, ಅದು ನ್ಯಾಯವಾದುದೇ. ಆದರೂ ಪದದ ಕಹಿ ಆತನ ನಾಲಗೆಗೆ ತಿಳಿದಿತ್ತು.

ನಿಘಂಟುಕಾರರ ವಾದ ಮುಗಿದಿಲ್ಲ. ಅದು ಮುಗಿಯಲೆಂದು ಎಲ್ಲ ಸಭೆಗಳೂ ಕಾದು ಕೂತಿಲ್ಲ. ಕರ್ನಾಟಕದ ಧರ್ಮಪ್ರಾಂತಗಳನ್ನೂ ಒಳಗೊಂಡ ದಕ್ಷಿಣ ಭಾರತ ಸಭೆ 1976ರಲ್ಲಿಯೇ ಸ್ತ್ರೀಗೆ ಪೌರೋಹಿತ್ಯದ ದೀಕ್ಷೆ ನೀಡಿತು. ಇಂಗ್ಲೆಂಡಿನ ಸಭೆಯಲ್ಲಿ ಅದು ನಡೆದದ್ದು 1994ರಲ್ಲಿ.