ಎಂ.ಟಿ.ಆರ್. ಮಾರಿದ ಕತಿ, ನಮ್ಮ ಗಿರಣಿ

ಚೀಕಲಪರ್ವಿಯ ನಮ್ಮ ಹಿಟ್ಟಿನ ಗಿರಣಿ ಮಾರೂದಂತ ಈ ಸಲ ಗಟ್ಟಿ ಮಾಡೀವಿ. ಇವರ ಮಣಕಾಲು ಕೇಳವಲ್ವು, ಹುಡುಗರು ಊರಿಗೆ ಬರಾಂಗಿಲ್ಲ. ಮಾರೂದಂದ್ರ ಕೀಲಿ ಕೊಟ್ಟು ರೊಕ್ಕ ಎಣಿಸೂದು ಅಂತ ತಿಳಿದಿದ್ದೆ.

ನಿಮ್ಮ ಅಡಗಿಮನ್ಯಾಗಿನ ಎಂ.ಟಿ.ಆರ್. ಪಾಕೀಟು ನೋಡ್ರಿ. 1924ರಾಗ ಮಯ್ಯರ ಮನೆತನದವರು ಬೆಂಗಳೂರಾಗ ಇಟ್ಟ ಸಣ್ಣ ಹೋಟೆಲ್ಲ ಅದರ ಬೇರು. ತುರ್ತುಪರಿಸ್ಥಿತಿ ಕಾಲಕ್ಕ ಸರಕಾರ ಹೋಟೆಲ್ ತಿಂಡಿಗೆ ದರ ಕಟ್ಟಿತು. ಧಂದೆ ಗಿಟ್ಟದಂಗಾತು, ಅವರು ಪುಡಿ, ಮಿಕ್ಸು ಪಾಕೀಟು ಮಾಡಿ ಮಾರಾಕ ಹತ್ತಿದ್ರು. 2007ರಾಗ ಆ ಪಾಕೀಟಿನ ಕಂಪನಿನ ನಾರ್ವೆ ದೇಶದ ಓರ್ಕ್ಲಾದವರು ಕೊಂಡ್ರು. ಲಾಲ್‌ಬಾಗ್ ರಸ್ತೆದ ಹೋಟೆಲ್ ಮಾತ್ರ ಮನೆತನದಾಗ ಉಳೀತು. ಹೆಸರು ಒಂದ, ಮಾಲೀಕರು ಬ್ಯಾರೆ! ಇದು ಬಾಯಿಮಾತಿಲೆ ಆಗೂದಲ್ಲ. ಯಾವ್ದು ಕೊಡೂದು, ಯಾವ್ದು ಇಟಗೊಳ್ಳೂದು ಕಾಗದದಾಗ ಮೊದಲ ಬ್ಯಾರೆ ಆಗಿರಬೇಕು.

ನಮ್ದು ಬ್ಯಾರೆ ಮಾಡಾಕ ಕುಂತರ, ಕರೆಂಟ್ ಮೀಟರು ಇನ್ನೂ ತೀರಿಹೋದ ಮಾವನವರ ಹೆಸರಿಲೇ ಐತಿ. ಗಿರಣಿ ಜಾಗಾ ಮನಿ ಉತಾರದಾಗ ಕೂಡೇತಿ. ಗಳಿಕಿ ಲೆಕ್ಕ ಎಲ್ಲಾ ಇವರ ತಲ್ಯಾಗ. ಕೊಳ್ಳಾವ್ರು ಮೂರು ವರ್ಷದ್ದು ಬರದದ್ದು ಕೇಳ್ಯಾರ. ಅದಕ್ಕ ನಾ ಹಳೇ ಕರೆಂಟ್ ಬಿಲ್ಲು ಹುಡುಕಿ ದಾರಕ್ಕ ಪೋಣಿಸೀನಿ. ಜ್ವಾಳ ಎಷ್ಟು ಬೀಸೇವಿ ಅಂತ ಯೂನಿಟ್ ನೋಡಿದ್ರ ಅಂದಾಜು ತಿಳೀತೈತಿ.

ಉದ್ರಿ ಪುಸ್ತಕಕ್ಕ ಮಾತ್ರ ನಮ್ಮಿಬ್ಬರಿಗೂ ಜಗಳ. ಗಿರಣಿ ಸಂಗಾಟ ಕೊಟ್ಟಬಿಡೂನಂತಾರ ಇವರು. ಅದರಾಗ ನಿಮ್ಮ ಹೆಸರದಾವ, ಅಕ್ಕೋರೆ. ಹೊಸಬ ಬಂದು ನಿಮ್ಮ ಬಾಗಿಲಿಗೆ ನಿಂತು ಕೇಳೂದು ನನಗ ಸೇರಾಂಗಿಲ್ಲ. ತವರಿನ ಟ್ರಂಕಿನ್ಯಾಗ ಇಟ್ಟೀನಿ, ಕೀಲಿ ನನ್ನ ಹತ್ರ ಐತಿ.