ಗ್ಯಾರೇಜಿನಲ್ಲಿ ಹುಟ್ಟಿದ ಗಿಟಾರ್ ನಾದ

ಮನೆಯಲ್ಲೇ ಗಿಟಾರ್ ಧ್ವನಿಮುದ್ರಣ ಮಾಡುವ ಪದ್ಧತಿಗೆ ಬುನಾದಿ ಬಿದ್ದದ್ದು 1940ರ ದಶಕದಲ್ಲಿ, ಹಾಲಿವುಡ್‌ನ ಒಂದು ಗ್ಯಾರೇಜಿನಲ್ಲಿ. ಗಿಟಾರ್ ವಾದಕ ಲೆಸ್ ಪಾಲ್ ಅಲ್ಲಿ ಡಿಸ್ಕ್ ಕೊರೆಯುವ ಯಂತ್ರವನ್ನು ತಾನೇ ಕಟ್ಟಿಕೊಂಡಿದ್ದ. ಕ್ಯಾಡಿಲಾಕ್ ಕಾರಿನ ಫ್ಲೈವ್ಹೀಲೇ ಅದರ ತಿರುಗುವ ತಟ್ಟೆ. ಮುದ್ರಿಸಿದ ಡಿಸ್ಕನ್ನು ಹಾಕಿಕೊಂಡು, ಅದರ ಜೊತೆ ತಾನೂ ನುಡಿಸಿ, ಎರಡನ್ನೂ ಮತ್ತೊಂದು ಡಿಸ್ಕಿಗೆ ಇಳಿಸುತ್ತಿದ್ದ. 1948ರಲ್ಲಿ ಕ್ಯಾಪಿಟಲ್ ಕಂಪನಿ ಹೊರತಂದ ‘ಲವರ್’ ಧ್ವನಿಮುದ್ರಿಕೆಯಲ್ಲಿ ಕೇಳಿಸುವ ಗಿಟಾರುಗಳೆಲ್ಲ ಅವನೊಬ್ಬನವೇ. ಕೆಲವು ಭಾಗಗಳನ್ನು ಅರ್ಧ ವೇಗದಲ್ಲಿ ಮುದ್ರಿಸಿ ಪೂರ್ಣ ವೇಗದಲ್ಲಿ ಓಡಿಸಿದ್ದರಿಂದ ಸ್ವರ ಒಂದು ಸ್ಥಾಯಿ ಮೇಲಕ್ಕೇರಿ, ಯಾವ ಬೆರಳಿಗೂ ಸಾಧ್ಯವಾಗದ ಚುರುಕು ಬಂದಿತ್ತು.

ಪ್ರತಿ ಸಲ ಇಳಿಸಿದಾಗಲೂ ನಾದದ ಹೊಳಪು ಒಂದಿಷ್ಟು ಸವೆದು ಸದ್ದುಗದ್ದಲ ಸೇರಿಕೊಳ್ಳುತ್ತಿತ್ತು. ಅದಕ್ಕೇ ಹಿನ್ನೆಲೆಯ ಭಾಗಗಳಿಗೆ ಮೊದಲ ಸರದಿ, ಮುಖ್ಯ ಗಿಟಾರಿಗೆ ಕೊನೆಯದು. 1949ರಲ್ಲಿ ಗಾಯಕ ಬಿಂಗ್ ಕ್ರಾಸ್ಬಿ ಕೊಟ್ಟ ಆಂಪೆಕ್ಸ್ ಟೇಪ್ ಯಂತ್ರಕ್ಕೆ ಪಾಲ್ ಇನ್ನೊಂದು ಹೆಡ್ ಜೋಡಿಸಿಕೊಂಡ ಮೇಲೆ ಒಂದೇ ಯಂತ್ರ ಸಾಕಾಯಿತು. ಆದರೆ ಹೊಸ ಪದರ ಕೂಡುವಾಗ ಹಳೆಯದು ಅಳಿಸಿಹೋಗುತ್ತಿತ್ತು. ಕೊನೆಯ ಪದರದಲ್ಲಿ ಒಂದು ಸ್ವರ ತಪ್ಪಿದರೂ ಎಲ್ಲವನ್ನೂ ಮೊದಲಿನಿಂದ ನುಡಿಸಬೇಕು. ಗಾಯಕಿ ಮೇರಿ ಫೋರ್ಡ್ ಜೊತೆ ಮಾಡಿದ, 1951ರಲ್ಲಿ ಬಂದ ‘ಹೌ ಹೈ ದ ಮೂನ್’ ಹಾಡು ಇಷ್ಟು ಅಪಾಯದ ವಿಧಾನದಲ್ಲೇ ತಯಾರಾದದ್ದು. ಗಿಟಾರಿನ ಕೇಬಲನ್ನು ನೇರವಾಗಿ ಯಂತ್ರಕ್ಕೇ ಸಿಕ್ಕಿಸುತ್ತಿದ್ದ ಪಾಲ್, ಕೋಣೆಯ ಮಾರ್ದನಿಯ ಗೊಡವೆಗೇ ಹೋಗಲಿಲ್ಲ. ಅವನ ಯಂತ್ರಗಳಷ್ಟೇ ದೊಡ್ಡ ಕೊಡುಗೆ ಇದು.

ಎಲೆಕ್ಟ್ರಿಕ್ ಗಿಟಾರಿನ ಒರಟು ನಾದಕ್ಕೆ ಮಾತ್ರ ನೇರವಾಗಿ ಸಿಕ್ಕಿಸುವ ಈ ಉಪಾಯ ಸಾಲದು. ಆಂಪ್ಲಿಫೈಯರ್ ಜೋರಾದಾಗಲೇ ಆ ನಾದ ಹುಟ್ಟುವುದು. ಜೋರಾದರೆ ನೆರೆಮನೆಯವರು ಸುಮ್ಮನಿರುವುದಿಲ್ಲ. 1965ರಲ್ಲಿ ಬಂದ ಶ್ಯೂರ್ ಎಸ್‌ಎಂ57 ಮೈಕು ಅಗ್ಗದ್ದು, ಗಟ್ಟಿಮುಟ್ಟಾದದ್ದು. ಅದನ್ನು ಸ್ಪೀಕರಿನ ಜಾಲರಿಗೆ ತಾಗುವಷ್ಟು ಹತ್ತಿರವಿಟ್ಟರೆ ಕೋಣೆಯ ಮಾರ್ದನಿ ಹಿಂದೆ ಸರಿಯುತ್ತದೆ. ಸ್ಪೀಕರಿನ ನಡುವಿಗೆ ಗುರಿಯಿಟ್ಟರೆ ನಾದ ಚೂಪು. ಎರಡು ಬೆರಳಷ್ಟು ಅಂಚಿಗೆ ಸರಿಸಿದರೆ ಮೃದು. ಇದರಿಂದ ನಾದ ಒಲಿಯಿತೇ ಹೊರತು ಸದ್ದು ತಗ್ಗಲಿಲ್ಲ. ಅದಕ್ಕೆ ದಾರಿ ಹುಡುಕಿದವನು ‘ಬೋಸ್ಟನ್’ ತಂಡದ ಟಾಮ್ ಶೋಲ್ಜ್ ಎಂಬ ಎಂಜಿನಿಯರ್. 1976ರಲ್ಲಿ ಬಂದ ತಂಡದ ಮೊದಲ ಆಲ್ಬಮಿನ ಬಹುಪಾಲನ್ನು ಮನೆಯ ನೆಲಮಾಳಿಗೆಯಲ್ಲೇ ಮುದ್ರಿಸಿದ ಅವನು, ಆಂಪ್ಲಿಫೈಯರಿನ ಶಕ್ತಿಯನ್ನು ಸ್ಪೀಕರಿಗೆ ಮುಟ್ಟುವ ಮೊದಲೇ ಹೀರಿಕೊಳ್ಳುವ ಪವರ್ ಸೋಕ್ ಎಂಬ ಪೆಟ್ಟಿಗೆಯನ್ನೂ, 1982ರಲ್ಲಿ ಹೆಡ್‌ಫೋನಿನಲ್ಲೇ ನುಡಿಸಬಹುದಾದ ರಾಕ್‌ಮನ್ ಅನ್ನೂ ತಂದ.

ಸಾಮಾನ್ಯರ ಕೈಗೆ ಧ್ವನಿಮುದ್ರಣ ದಕ್ಕಿದ್ದು 1979ರ ಟೀಯಾಕ್ ಪೋರ್ಟಾಸ್ಟುಡಿಯೋದಿಂದ. ಸಾಧಾರಣ ಕ್ಯಾಸೆಟ್ಟನ್ನು ಇಮ್ಮಡಿ ವೇಗದಲ್ಲಿ ಓಡಿಸಿ ನಾಲ್ಕು ಟ್ರ್ಯಾಕ್ ಮುದ್ರಿಸುತ್ತಿದ್ದ ಯಂತ್ರವದು. ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರಲ್ಲಿ ನ್ಯೂಜೆರ್ಸಿಯ ಮನೆಯಲ್ಲಿ ಇದರಲ್ಲೇ ಮಾಡಿಕೊಂಡ ಕರಡು ಮುದ್ರಿಕೆಗಳು ‘ನೆಬ್ರಾಸ್ಕಾ’ ಆಲ್ಬಮ್ ಆದವು. ತಂಡವನ್ನು ಕೂಡಿಸಿ ಸ್ಟುಡಿಯೋದಲ್ಲಿ ಮತ್ತೆ ನುಡಿಸಿದ್ದು ರುಚಿಸಲಿಲ್ಲ.

1998ರಲ್ಲಿ ಲೈನ್ 6 ಕಂಪನಿಯ ಪಾಡ್ ಎಂಬ ಪೆಟ್ಟಿಗೆ, ಹೆಸರಾಂತ ಆಂಪ್ಲಿಫೈಯರುಗಳ ಗುಣವನ್ನು ಡಿಜಿಟಲ್ ಲೆಕ್ಕಾಚಾರದಿಂದ ಅನುಕರಿಸಿತು. ಈ ಕೆಲಸ ಈಗ ಕಂಪ್ಯೂಟರಿನ ತಂತ್ರಾಂಶಕ್ಕೆ ಸೇರಿದೆ: ಗಿಟಾರಿನ ಬರಿಯ ಸಂಕೇತವನ್ನಷ್ಟೇ ಮುದ್ರಿಸಿಟ್ಟುಕೊಂಡು, ಆಂಪ್ಲಿಫೈಯರ್, ಸ್ಪೀಕರ್, ಮೈಕಿನ ಜಾಗ ಎಲ್ಲವನ್ನೂ ನುಡಿಸಿ ಮುಗಿದ ಮೇಲೆ ಆರಿಸಿಕೊಳ್ಳಬಹುದು.